ಹಸಿರು ಗುಂಡಿ

ನದೀತೀರದ ವಿದ್ಯಾಪೀಠದಲ್ಲಿ ನಿರಂಜನನೆಂಬ ಅಧ್ಯಾಪಕನು ಸಂಖ್ಯಾಶಾಸ್ತ್ರದ ಪಾಠಗಳನ್ನೆಲ್ಲ ಟ್ಯಾಬ್ಲೆಟ್ಟಿಗೆ ಇಳಿಸಿದ. ಪ್ರತಿ ಪಾಠದ ಕೊನೆಗೆ ಒಂದು ಹಸಿರು ಗುಂಡಿ: 'ಅರ್ಥವಾಯಿತು'. ಒತ್ತಿದರೆ ಮುಂದಿನ ಪಾಠ ತೆರೆಯುತ್ತಿತ್ತು.

ತರಗತಿಯೆಲ್ಲ ಹಸಿರಾದ ದಿನ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದೆ ತನಗೆ ವ್ಯಾಕರಣ ಕಲಿಸಿದ ಸರಸಾಂಬೆಯವರನ್ನು ಟ್ಯಾಬ್ಲೆಟ್ಟು ಹಿಡಿದು ಹುಡುಕಿಕೊಂಡು ಹೋದ. ಅವರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಅಮ್ಮಾ, ನನ್ನ ತರಗತಿಯಲ್ಲಿ ಒಬ್ಬರೂ ಹಿಂದೆ ಬಿದ್ದಿಲ್ಲ."

"ತಾ ಇಲ್ಲಿ."

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಹಸಿರನ್ನು ಒತ್ತಿದರು. ಒತ್ತುತ್ತಲೇ ಹೋದರು. ಕೊನೆಗೆ ಯಂತ್ರ 'ಶಭಾಷ್!' ಎಂದಿತು.

"ಸಂಖ್ಯಾಶಾಸ್ತ್ರ ಮುಗಿಯಿತು. ನಾಳೆ ವೈದ್ಯಶಾಸ್ತ್ರ ಕಳಿಸು. ನಾಡಿದ್ದು ನಿನ್ನ ಹೊಟ್ಟೆ ಕೊಯ್ಯುತ್ತೇನೆ."

ನಿರಂಜನ ಟ್ಯಾಬ್ಲೆಟ್ಟನ್ನು ಹಿಂದಕ್ಕೆ ತೆಗೆದುಕೊಂಡ. "ಯಂತ್ರದ ಮೇಲೆ ಸಿಟ್ಟೇಕೆ, ಅಮ್ಮಾ?"

"ಯಂತ್ರ ಪಾಪ, ನೀನು ಹೇಳಿದ್ದನ್ನು ಮಾಡಿತು. ಅರ್ಥವಾಗದವರು ಯಾವ ಗುಂಡಿ ಒತ್ತಬೇಕು?"

"ಅದನ್ನು ಇಟ್ಟಿಲ್ಲ. ಇಟ್ಟರೆ ಪಾಠ ನಿಂತುಹೋಗುತ್ತದೆ."

"ನಿಲ್ಲಲಿ! ನಿಂತಲ್ಲಿಗೆ ಹೋಗುವುದಕ್ಕೆ ತಾನೇ ಮೇಷ್ಟ್ರು ಇರುವುದು? ಸಂಧಿ ನಿನ್ನ ತಲೆಗೆ ಹತ್ತದಿದ್ದಾಗ 'ಅರ್ಥವಾಯಿತೇ' ಎಂದು ನಾನು ಎಂದಾದರೂ ಕೇಳಿದ್ದೆನೇ?"

"ಇಲ್ಲ. 'ಎಲ್ಲಿ ಎಡವಿದೆ, ತೋರಿಸು' ಎನ್ನುತ್ತಿದ್ದಿರಿ."

ಅಷ್ಟರಲ್ಲಿ ಅವನ ವಿದ್ಯಾರ್ಥಿನಿ ಮಾದೇವಿ ಟ್ರಂಕು ಹೊತ್ತುಕೊಂಡು ದೋಣಿಯ ಕಡೆಗೆ ಇಳಿದು ಬಂದಳು.

"ಎಲ್ಲಿಗಮ್ಮ ಹೊರಟೆ?" ಎಂದ ನಿರಂಜನ.

"ಊರಿಗೆ, ಸರ್. ಓದು ಬಿಟ್ಟೆ. ಎಲ್ಲರಿಗೂ ಅರ್ಥವಾಗಿದೆ. ದಡ್ಡಿ ನಾನೊಬ್ಬಳೇ."

"ನಿನ್ನದೂ ಹಸಿರೇ ಇದೆಯಲ್ಲ!"

"ಇನ್ನೇನನ್ನು ಒತ್ತಲಿ, ಸರ್?"

ನಿರಂಜನ ಟ್ರಂಕು ಇಳಿಸಿ ಅವಳನ್ನು ಕೂರಿಸಿದ. ಒದ್ದೆ ಮರಳಿನ ಮೇಲೆ ಬೆರಳಿನಿಂದ ಗೆರೆಗಳನ್ನೆಳೆದು, ಮೊದಲ ಪಾಠವನ್ನು ಉಸಿರು ಬಿಡದೆ ವಿವರಿಸಿದ. ಬೆವರು ಒರೆಸಿಕೊಂಡು, ಎಂದಿನ ಅಭ್ಯಾಸದಂತೆ ಕೇಳಿದ:

"ಅರ್ಥವಾಯಿತೇ?"

"ಅರ್ಥವಾಯಿತು, ಸರ್."

ಮಾದೇವಿ ಕೈಮುಗಿದು, ಟ್ರಂಕು ಎತ್ತಿಕೊಂಡು ದೋಣಿ ಹತ್ತಿದಳು. ಅಂಬಿಗನು ಹುಟ್ಟು ಹಾಕಿದ.

ಸರಸಾಂಬೆಯವರು ಎದ್ದು ನಿಂತರು.

"ಅವಳು ನಿನ್ನಿಂದ ಕಲಿತದ್ದು 'ಅರ್ಥವಾಯಿತು' ಎಂಬ ಆ ಒಂದೇ ಮಾತು. ಇಳಿ ನೀರಿಗೆ. ಅದನ್ನು ಮರೆಸಿ ಕರೆದುಕೊಂಡು ಬಾ."