ಬಲಗಾಲಿಗೆ ಕೆಲಸವಿದೆ

ಲೋಕ ಆಗಷ್ಟೇ ಹುಟ್ಟಿತ್ತು. ಬಳಿದ ಬಣ್ಣಗಳು ಇನ್ನೂ ಆರಿರಲಿಲ್ಲ. ಮುಟ್ಟಿದರೆ ಮೈಗೆ ಹತ್ತುತ್ತಿದ್ದವು. ಗಿಣಿಗೆ ಒಂದು ಕಡೆ ಕೂರಲು ಬಾರದು. ಎಲೆಗೆ ತಗುಲಿ ಹಸಿರಾಯಿತು, ಬಾನಿಗೆ ತಗುಲಿ ನೀಲಿಯಾಯಿತು, ಹೂವಿಗೆ ತಗುಲಿ ಕೆಂಪಾಯಿತು, ಬಿಸಿಲಿಗೆ ತಗುಲಿ ಹಳದಿಯಾಯಿತು. ಬೆಳದಿಂಗಳಿಗೆ ಮುಖವೊಡ್ಡಿ ಕೆನ್ನೆ ಬಿಳಿ ಮಾಡಿಕೊಂಡಿತು. ಎಲ್ಲರೂ ಅದನ್ನು ಪಂಚರಂಗಿ ಎಂದರು.

ಆಗ ಎಲ್ಲರೂ ಬಲದಲ್ಲೇ ಉಣ್ಣುತ್ತಿದ್ದರು. ಕೋತಿ ಬಲಗೈಯಲ್ಲಿ, ಕರಡಿ ಬಲಗೈಯಲ್ಲಿ, ಪಂಚರಂಗಿ ಬಲಗಾಲಿನಲ್ಲಿ.

ಪಂಚರಂಗಿಗೆ ಗೂಡು ಕಟ್ಟಲು ತಿಳಿಯದು. ಹೊಳೆಯ ದಂಡೆಯ ಬೂರುಗದ ಮರ ತನ್ನ ಪೊಟರೆಯನ್ನು ಬಿಟ್ಟುಕೊಟ್ಟಿತ್ತು. "ಖಾಲಿ ಇದೆ, ಇರು ಮಗಳೇ" ಎಂದಿತ್ತು, ಅಷ್ಟೇ. ಆ ಪೊಟರೆಯಲ್ಲಿ ಎರಡು ಮರಿಗಳಾದವು. ಅವಕ್ಕಿನ್ನೂ ರೆಕ್ಕೆ ಬಲಿತಿರಲಿಲ್ಲ.

ಗಾಳಿಗೆ ಆಗ ನಡೆಯಲು ಬರುತ್ತಿರಲಿಲ್ಲ. ಬರೀ ಓಡುತ್ತಿತ್ತು. ಒಂದು ದಿನ ಓಡುತ್ತ ಬಂದು ಬೂರುಗಕ್ಕೆ ಡಿಕ್ಕಿ ಹೊಡೆಯಿತು. ಒಂದು ಕಡೆಯ ಬೇರು ಮೇಲೆದ್ದಿತು. ಮರ ಬಿದ್ದರೆ ಮರಿಗಳು ಹೊಳೆಯ ಪಾಲು.

ಉಳಿದ ಹಕ್ಕಿಗಳು ಹಾರಿಹೋದವು. ನೀನೂ ಹೋಗು, ಎಲ್ಲರಿಗಿಂತ ಮೊದಲು ಹುಟ್ಟಿದವನು ನಾನು, ವಯಸ್ಸಾಯಿತು, ಒಬ್ಬನೇ ನಿಲ್ಲಲಾರೆ ಎಂದಿತು ಮರ.

"ಒಬ್ಬನೇ ಎಲ್ಲಿ ಅಜ್ಜ? ನಾನು ಹಿಡಿದುಕೊಂಡಿದ್ದೇನಲ್ಲ."

ಪೊಟರೆಯ ಪಕ್ಕದ ಕೊಂಬೆಯನ್ನು ಪಂಚರಂಗಿ ಬಲಗಾಲಿನಲ್ಲಿ ಬಿಗಿಯಾಗಿ ಹಿಡಿಯಿತು.

ಗಾಳಿ ನಕ್ಕಿತು. ಒಂದು ಹಿಡಿ ಗರಿ ಮುಗಿಲೆತ್ತರದ ಮರವನ್ನು ಹಿಡಿಯುವುದೇ ಎಂದು ಹಂಗಿಸಿತು. ಪಂಚರಂಗಿ ಹಿಡಿತ ಇನ್ನಷ್ಟು ಬಿಗಿಮಾಡಿತು. ಮರಿಗಳು ಹಸಿವಿಗೆ ಅತ್ತವು. ಗಾಳಿ ಹೊತ್ತು ತಂದ ಹಣ್ಣುಗಳನ್ನು ಎಡಗಾಲು ಚಾಚಿ ಹಿಡಿದು ಗುಟುಕು ಕೊಟ್ಟಿತು. ಬಲಗಾಲು ಬಿಡಲಿಲ್ಲ. ಮರ ವಾಲಿತು, ಬಲಗಾಲು ಬಿಡಲಿಲ್ಲ. ಮಳೆ ಬಡಿಯಿತು, ಬಲಗಾಲು ಬಿಡಲಿಲ್ಲ.

ಹಕ್ಕಿ ಹಿಡಿದರೆ ಮರ ನಿಲ್ಲುವುದಿಲ್ಲ. ಮರಕ್ಕೂ ಅದು ಗೊತ್ತಿತ್ತು. ಆದರೆ ಇಷ್ಟು ನಂಬಿ ಹಿಡಿದವಳಿರುವಾಗ ಬೀಳುವುದಾದರೂ ಹೇಗೆ? ಉಳಿದ ಬೇರುಗಳನ್ನು ಅದು ಮಣ್ಣಿನೊಳಗೆ ಇನ್ನಷ್ಟು ಊರಿತು.

ಕೊನೆಗೆ ಗಾಳಿ ದಣಿಯಿತು. ಏದುಸಿರು ಬಿಡುತ್ತ ಮೆಲ್ಲಗೆ ಹೊರಟಿತು. ಅದು ಕಲಿತ ಮೊದಲ ನಡಿಗೆ ಅದೇ.

ಮರ ನಿಂತಿತ್ತು. ಮರಿಗಳು ಬದುಕಿದ್ದವು. ಇನ್ನು ಬಿಡಬಹುದು ಎಂದಿತು ಮರ.

"ನೀನು ನಮಗಾಗಿ ನಿಂತೆ ಅಜ್ಜ. ಬಿಡಲು ಮನಸ್ಸು ಬರುತ್ತಿಲ್ಲ" ಎಂದಿತು ಪಂಚರಂಗಿ.

ಅದು ಎಡಗಾಲಿನಲ್ಲಿ ಹಣ್ಣು ತಿನ್ನುವುದನ್ನು ಕಂಡು ಕೋತಿ ಹಲ್ಲು ಕಿರಿಯಿತು. "ಎಡಗಾಲಲ್ಲಿ ಊಟವಾ? ನಿಮ್ಮಮ್ಮ ಏನೂ ಕಲಿಸಲಿಲ್ವಾ?"

"ಬಲಗಾಲಿಗೆ ಕೆಲಸವಿದೆ ಕಣೋ."

ಮರಿಗಳು ಅದನ್ನು ನೋಡಿ ಕಲಿತವು. ಅವುಗಳ ಮರಿಗಳೂ ಕಲಿತವು. ಕೆಲವು ಕಾಡಿನಲ್ಲೇ ಉಳಿದವು, ಕೆಲವು ಮನುಷ್ಯರ ಮನೆ ಸೇರಿದವು.

ಯಾರಾದರೂ ಸಾಕಿದ ಪಂಚರಂಗಿ ಕಂಡರೆ ಒಂದು ಹೋಳು ಸೀಬೆಹಣ್ಣು ಕೊಟ್ಟು ನೋಡಿ. ಹೆಚ್ಚಾಗಿ ಅದು ಎಡಗಾಲನ್ನೇ ಚಾಚುತ್ತದೆ. ಬೈಯಬೇಡಿ. ಅದು ಕೂತ ಒಣಕೋಲೂ ಹಿಂದೊಮ್ಮೆ ಮರವಾಗಿತ್ತಲ್ಲ, ಬಲಗಾಲು ಅದನ್ನು ಇನ್ನೂ ಹಿಡಿದುಕೊಂಡಿದೆ.