ಬಳೆ ಅಂಗಡಿಯ ಅರಗಿನ ಮುದ್ರೆ

ಕೊರೊನಾ ಕಾಲದಲ್ಲಿ ದಿನಸಿ ಅಂಗಡಿ ತೆರೆಯಬಹುದಿತ್ತು, ಬಳೆ ಅಂಗಡಿ ತೆರೆಯುವಂತಿರಲಿಲ್ಲ. ಪುರಸಭೆಯ ಸಾಹೇಬರು ವೀರಭದ್ರಯ್ಯ ಊರಿನ ಒಂದೇ ಬಳೆ ಅಂಗಡಿಗೆ ಬೀಗ ಜಡಿದು, ಅದರ ಮೇಲೆ ಅರಗಿನ ಮುದ್ರೆಯನ್ನೂ ಒತ್ತಿದರು.

"ನನ್ನ ಹೊಟ್ಟೆಪಾಡು ಇದೇ ಸ್ವಾಮಿ," ಎಂದಳು ಬಳೆಗಾರ್ತಿ ಚಿಕ್ಕತಾಯಮ್ಮ.

"ಬಳೆ ತಿಂದು ಬದುಕ್ತಾರೇನಮ್ಮ? ಮುದ್ರೆ ಮುಟ್ಟಿದರೆ ಜೈಲು!"

ಅಷ್ಟರಲ್ಲಿ ಸಾಹೇಬರ ಮಗಳ ಮದುವೆಯನ್ನು ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಯಿತು. ಮದುಮಗಳಿಗೆ ಬಳೆಗಾರ್ತಿಯ ಕೈಯಿಂದಲೇ ಹಸಿರು ಬಳೆ ತೊಡಿಸಬೇಕಲ್ಲ! ಚಿಕ್ಕತಾಯಮ್ಮನಿಗೆ ಕರೆ ಹೋಯಿತು. ಅವಳು ಮಾಸ್ಕ್ ಹಾಕಿಕೊಂಡು ಬಂದು, ಚಾಪೆಯ ಮೇಲೆ ಕೂತು, ಚೀಲದಿಂದ ತೊಗರಿಬೇಳೆ, ಈರುಳ್ಳಿ ತೆಗೆದಿಟ್ಟಳು.

"ಇದೇನೇ ಇದು?" ಎಂದರು ಸಾಹೇಬರ ಹೆಂಡತಿ.

"ಅಗತ್ಯ ವಸ್ತು ಕಣ್ರಮ್ಮ. ಬಳೆ ನಿಮ್ಮ ಯಜಮಾನರ ಮುದ್ರೆ ಒಳಗೈತೆ."

ಹೆಂಡತಿ ಗಂಡನನ್ನು ನೋಡಿದ ನೋಟಕ್ಕೆ ಅರಗು ತಾನಾಗಿ ಕರಗಬೇಕಿತ್ತು. ಸಾಹೇಬರು ಓಡಿಹೋಗಿ ತಮ್ಮ ಮುದ್ರೆಯನ್ನು ತಾವೇ ಒಡೆದರು. ಮದುಮಗಳ ಎರಡು ಕೈಗಳೂ ಘಲ್ಲೆಂದವು.

ಮದುವೆಯ ಮರುದಿನವೇ ಸಾಹೇಬರು ಮತ್ತೆ ಅರಗು ಹಿಡಿದು ಅಂಗಡಿಯ ಮುಂದೆ ನಿಂತರು.

"ಒತ್ತಿ ಸ್ವಾಮಿ," ಎಂದಳು ಚಿಕ್ಕತಾಯಮ್ಮ. "ಅಗತ್ಯವಿಲ್ಲದ ಮಾಲು ಮಾರಿದ್ದು ನನ್ನದೇ ತಪ್ಪು. ನಿಮ್ಮ ಮಗಳ ಬಳೆ ಬಿಚ್ಚಿಸಿ ಕೊಡಿ, ಒಳಗಿಟ್ಟೇ ಬೀಗ ಹಾಕೋಣ."

ಹೊಸ ಮದುವಣಗಿತ್ತಿಯ ಬಳೆ ಬಿಚ್ಚಿಸುವುದೇ! ಅಂಥ ಅಪಶಕುನದ ಮಾತು ಹೆಂಡತಿಯ ಕಿವಿಗೆ ಬಿತ್ತೋ ಎಂದು ವೀರಭದ್ರಯ್ಯ ಹಿಂದೆ ಮುಂದೆ ನೋಡಿದರು. ಅರಗನ್ನು ಜೇಬಿಗಿಳಿಸಿ, "ಬಾಗಿಲು ಅರ್ಧ ತೆರೆದುಕೋ," ಎಂದು ಗೊಣಗಿದರು.

"ಅರ್ಧ ಯಾಕೆ ಸ್ವಾಮಿ? ನಿಮ್ಮ ಮಗಳಿಗೆ ಒಂದೇ ಕೈಗೆ ತೊಡಿಸಿದ್ನಾ?"