ಎರಡು ಕೈಯ ಮಾತು

ತುಂಗಭದ್ರೆಯ ದಂಡೆಯ ಮೇಲೆ ಒಂದು ಮಾವಿನ ತೋಪು. ತೋಪಿನೊಳಗೆ ಒಂದು ಆಶ್ರಮ. ಅಲ್ಲಿದ್ದ ಗುರುವನ್ನು ಸುತ್ತಲಿನ ಊರಿನವರು ತೋಪಿನ ಅಯ್ಯನವರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಹಾಲೇಶ. ಆಶ್ರಮದ ಪುಟ್ಟ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ತಲೆ ಅರ್ಧ ನರೆತಿತ್ತು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಆ ವರ್ಷ ಅವನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮೇಷ್ಟ್ರಿಗೆ ಏನಾದರೂ ಕೊಡಬೇಕು ಎಂದುಕೊಂಡರು. ಅವರ ಪರವಾಗಿ ನೂರ್ ಅಹ್ಮದ್ ಫೋನು ಮಾಡಿದ. ಒಂದು ಕಾಲಕ್ಕೆ ಮಗ್ಗಿ ಬಾರದೆ ಅಳುತ್ತಿದ್ದ ಹುಡುಗ, ಈಗ ಚಿತ್ರದುರ್ಗದಲ್ಲಿ ಬೇಕರಿ ಇಟ್ಟಿದ್ದ.

“ಮೇಷ್ಟ್ರೇ, ಲ್ಯಾಪ್‌ಟಾಪೋ ಟ್ಯಾಬೋ, ನೀವೇ ಆರಿಸಿ. ಯಾವುದಾದರೂ ಸರಿ. ತಂದು ಕೊಡೋದು ನಮ್ಮ ಕೆಲಸ.”

ಹಾಲೇಶನ ಕಣ್ಣು ತುಂಬಿ ಬಂತು. ಆಮೇಲೆ ತಲೆ ಕೆಟ್ಟಿತು.

ದಾವಣಗೆರೆಯ ಒಂದು ಅಂಗಡಿಯವನು ಲ್ಯಾಪ್‌ಟಾಪ್ ಬಾಳಿಕೆ ಬರುತ್ತದೆ ಎಂದ. ಎದುರುಗಡೆ ಅಂಗಡಿಯವನು, ಈಗಿನ ಕಾಲಕ್ಕೆ ಲ್ಯಾಪ್‌ಟಾಪ್ ಯಾರು ಹೊರುತ್ತಾರೆ ಸಾರ್ ಎಂದು ನಕ್ಕ. ಫೋನಿನಲ್ಲಿ ವಿಡಿಯೋ ನೋಡಿದರೆ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಬ್ಯಾಟರಿ, ಮೆಮೊರಿ, ತೂಕ, ತೆರೆಯ ಅಳತೆ. ಹಾಲೇಶ ಊಟದ ಹೊತ್ತಿನಲ್ಲೂ ನೋಡುತ್ತಿದ್ದ, ಪಾಠದ ನಡುವೆಯೂ ನೋಡುತ್ತಿದ್ದ. ಮಕ್ಕಳು ಬರೆದು ಮುಗಿಸಿ, ಮೇಷ್ಟ್ರು ತಲೆ ಎತ್ತಲಿ ಎಂದು ಸುಮ್ಮನೆ ಕಾಯುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಗುರುವಿನ ಹತ್ತಿರ ಹೋದ. ಅಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ತಮ್ಮ ಪಂಚೆ ಒಗೆಯುತ್ತಿದ್ದರು.

“ಅಯ್ಯನವರೇ, ಲ್ಯಾಪ್‌ಟಾಪ್ ಒಳ್ಳೆಯದೋ, ಟ್ಯಾಬ್ ಒಳ್ಳೆಯದೋ?”

“ಯಾವ ಕೆಲಸಕ್ಕೆ?”

“ಎಲ್ಲದಕ್ಕೂ.”

ಅಯ್ಯನವರು ಪಂಚೆ ಹಿಂಡಿದರು. “ಎಲ್ಲ ಅನ್ನೋ ಕೆಲಸವನ್ನ ನಾನು ಇದುವರೆಗೂ ಮಾಡಿಲ್ಲ. ಹೇಗಿರುತ್ತೆ ಅದು?”

ಹಿಂಡಿದ ಪಂಚೆಯನ್ನು ಹಾಲೇಶ ತೆಗೆದುಕೊಂಡು ಮೆಟ್ಟಿಲ ಮೇಲೆ ಹರವಿದ.

ಅಯ್ಯನವರು ಅವನನ್ನು ಕರೆದುಕೊಂಡು ಶಾಲೆಗೆ ಹೋದರು. ಗೋಡೆಗೆ ಒರಗಿಸಿಟ್ಟಿದ್ದ ಸ್ಲೇಟುಗಳಲ್ಲಿ ಒಂದನ್ನು ತೆಗೆದು ಅವನ ಕೈಗಿಟ್ಟರು.

“ಇದೇ ನಿನ್ನ ಯಂತ್ರ ಅಂದುಕೋ. ಹೋದಲ್ಲಿಗೆಲ್ಲ ತಗೊಂಡು ಹೋಗು. ಬೇಕು ಅನ್ನಿಸಿದಾಗ ಕೂತು ಮುಂದಿಟ್ಟುಕೋ. ಏನು ಮಾಡೋಣ ಅನ್ನಿಸಿತು ಅಂತ ಬಂದು ನನಗೆ ಹೇಳು.”

ಹಾಲೇಶನಿಗೆ ನಾಚಿಕೆಯಾಯಿತು. ಆದರೆ ಗುರು ಹೇಳಿದ ಮಾತು. ಸ್ಲೇಟನ್ನು ಚೀಲದಲ್ಲಿ ಇಟ್ಟುಕೊಂಡ.

ಮರುದಿನ ಅಯ್ಯನವರು ಕೇಳಿದರು. “ಯಂತ್ರ ತೆರೆದೆಯಾ?”

“ಬಸ್ಸಿನಲ್ಲಿ ತೆರೆದೆ. ಪಕ್ಕದವನು ನನ್ನನ್ನೇ ನೋಡುತ್ತಿದ್ದ.”

“ಏನು ಮಾಡೋಣ ಅನ್ನಿಸಿತು?”

ಹಾಲೇಶ ತಲೆ ಕೆರೆದುಕೊಂಡ. “ಯಾವ ಯಂತ್ರ ಒಳ್ಳೆಯದು ಅಂತ ಹುಡುಕೋಣ ಅನ್ನಿಸಿತು.”

“ಅದು ಸಿಕ್ಕಿದ ಮೇಲೆ?”

ಹಾಲೇಶ ಸ್ಲೇಟನ್ನು ಮತ್ತೆ ಚೀಲಕ್ಕೆ ಸೇರಿಸಿದ.

ಅದರ ಮರುದಿನವೂ ಕೇಳಿದರು. “ಸಿನಿಮಾ ನೋಡೋಣ ಅನ್ನಿಸಲಿಲ್ಲವಾ?”

“ಇಲ್ಲ. ಸಿನಿಮಾ ಶುರುವಾದರೆ ನನಗೆ ನಿದ್ದೆ ಬರುತ್ತೆ.”

“ಪಾಠ ಬರೆದಿಡೋಣ?”

“ಅದನ್ನ ಬೋರ್ಡಿನ ಮೇಲೇ ಬರೀತೀನಿ. ಆಶ್ರಮದ ಕಾಗದಪತ್ರಕ್ಕೆ ಆಫೀಸಿನಲ್ಲಿ ಕಂಪ್ಯೂಟರ್ ಇದ್ದೇ ಇದೆ.” ಗುರು ಏನು ಹೇಳಲು ಹೊರಟಿದ್ದಾರೆಂದು ತನಗೆ ತಿಳಿಯಿತು ಎಂದು ಹಾಲೇಶನಿಗೆ ಅನ್ನಿಸಿತು. “ಅರ್ಥವಾಯಿತು ಅಯ್ಯನವರೇ. ನನಗೆ ಏನೂ ಬೇಕಾಗಿಲ್ಲ. ನೂರ್‌ಗೆ ಬೇಡ ಅಂತ ಹೇಳಿಬಿಡ್ತೀನಿ.”

ಅಯ್ಯನವರು ಮುಖ ಸಿಂಡರಿಸಿದರು.

“ಬೇಡ ಅನ್ನು ಅಂತ ನಾನು ಯಾವಾಗ ಹೇಳಿದೆ? ಆ ಮಕ್ಕಳು ಪ್ರೀತಿಯಿಂದ ಕೈ ಚಾಚಿದ್ದಾರೆ. ನೀನು ಕೈ ಕಟ್ಟಿಕೊಂಡು ಕೂತರೆ ಅವರು ಚಾಚಿದ ಕೈಯನ್ನ ಎಲ್ಲಿ ಇಟ್ಟುಕೊಳ್ಳಬೇಕು? ಹೋಗು. ಸ್ಲೇಟು ಇನ್ನೂ ನಿನ್ನ ಹತ್ತಿರವೇ ಇರಲಿ.”

ಹಾಲೇಶನಿಗೆ ಒಬ್ಬಳು ಅಕ್ಕ ಇದ್ದಳು. ಹೆಸರು ಕೆಂಚಮ್ಮ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು.

ತಾಯಿ ಸತ್ತಾಗ ಹಾಲೇಶ ತೊಟ್ಟಿಲಲ್ಲಿದ್ದ. ಅಕ್ಕನೇ ಎತ್ತಿ ಸಾಕಿದಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ, ಕಾದ ಮರಳಿನ ಮುಂದೆ ನಿಂತು ದುಡಿದು ಅವನನ್ನು ಓದಿಸಿದಳು. ತಾನು ಒಂದಕ್ಷರ ಕಲಿಯಲಿಲ್ಲ.

ಅವರಿಬ್ಬರಿಗೂ ಒಂದು ಭಾಷೆಯಿತ್ತು. ಯಾರೂ ಕಲಿಸಿದ್ದಲ್ಲ. ಭಟ್ಟಿಯ ಹಿಂದಿನ ಒಂದು ಕೋಣೆಯ ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಕೂತು ಕೈಯಿಂದ ಕಟ್ಟಿಕೊಂಡದ್ದು. ಕಿವಿ ಹಿಡಿದರೆ ಹಾಲೇಶ ಎಂದರ್ಥ, ಕೂಸಾಗಿದ್ದಾಗ ಅವನು ಅಕ್ಕನ ಕಿವಿ ಹಿಡಿದೇ ಮಲಗುತ್ತಿದ್ದನಂತೆ. ಎರಡೂ ಕೈಯ ಬೆರಳುಗಳನ್ನು ಪಟಪಟನೆ ಅರಳಿಸಿದರೆ ಮಂಡಕ್ಕಿ. ಅದನ್ನೇ ಎದೆಯ ಹತ್ತಿರ ಅರಳಿಸಿದರೆ ನಗು. ಆ ಭಾಷೆ ಪೂರ್ತಿ ಬಲ್ಲವರು ಭೂಮಿಯ ಮೇಲೆ ಇಬ್ಬರೇ.

ಈಗ ಅಕ್ಕ ಬಳ್ಳಾರಿಯಲ್ಲಿ ಮಗನ ಮನೆಯಲ್ಲಿದ್ದಳು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಮಗ ಹಾಸ್ಟೆಲಿನಲ್ಲಿ ಬೆಳೆದವನು. ಊಟ, ನಿದ್ದೆ, ಔಷಧಿಗೆ ಬೇಕಾದಷ್ಟು ಸನ್ನೆ ಅವರಿಗೂ ಬರುತ್ತಿತ್ತು. ಅದರಾಚೆಗಿನ ಮಾತಿಗೆ ಅವಳಿಗೆ ತಮ್ಮನೇ ಬೇಕು. ಆಗಾಗ ಸಂಜೆ ಸೊಸೆ ಪುಷ್ಪಾವತಿ ವಿಡಿಯೋ ಕರೆ ಮಾಡಿ, ಅತ್ತೆಯ ಮುಖದ ಮುಂದೆ ಫೋನು ಹಿಡಿದು ನಿಲ್ಲುತ್ತಿದ್ದಳು.

ಅಂದು ಸಂಜೆಯೂ ಕರೆ ಬಂತು. ಹಾಲೇಶ ಹೊಳೆಯ ಮೆಟ್ಟಿಲ ಮೇಲಿದ್ದ. ಎಂದಿನಂತೆ ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಮಾತಾಡತೊಡಗಿದ.

ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಯೆತ್ತಿ ತಡೆದಳು.

‘ನೀನು ನಮ್ಮ ಮಾತು ಮರೀತಿದ್ದೀಯಾ?’

‘ಇಲ್ಲವಲ್ಲ. ಯಾಕೆ?’

‘ಎಲ್ಲಾ ಅರ್ಧರ್ಧ ಬರುತ್ತೆ.’

ಹಾಲೇಶ ತನ್ನ ಕೈ ನೋಡಿಕೊಂಡ. ಮಂಡಕ್ಕಿಗೆ ಎರಡು ಕೈ ಬೇಕು. ನಗುವಿಗೆ ಎರಡು ಕೈ ಬೇಕು. ಅಮ್ಮ ಅನ್ನಲೂ ಎರಡು ಕೈ ಬೇಕು. ಇಷ್ಟು ವರ್ಷ ಒಂದು ಕೈಯಲ್ಲಿ ಫೋನು ಹಿಡಿದುಕೊಂಡು, ಇನ್ನೊಂದರಲ್ಲಿ ಬಂದಷ್ಟನ್ನು ಹೇಳಿ, ಆಯಿತು ಇಡ್ತೀನಿ ಎಂದು ಮುಗಿಸುತ್ತಿದ್ದ.

ಫೋನನ್ನು ಮೆಟ್ಟಿಲ ಮೇಲೆ ನಿಲ್ಲಿಸಲು ನೋಡಿದ. ಜಾರಿ ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಚೀಲದಿಂದ ಸ್ಲೇಟು ತೆಗೆದು ಮೇಲಿನ ಮೆಟ್ಟಿಲಿಗೆ ಒರಗಿಸಿ, ಅದರ ಕೆಳಗಿನ ಮರದ ಅಂಚಿನ ಮೇಲೆ ಫೋನನ್ನು ಆನಿಸಿದ. ಅದು ನಿಂತಿತು.

ಹಾಲೇಶ ಸ್ವಲ್ಪ ಹಿಂದೆ ಸರಿದು ಕೂತು ಎರಡೂ ಕೈ ಎತ್ತಿದ.

ಅಂದು ಅವನು ಮಕ್ಕಳ ಸುದ್ದಿ ಹೇಳಿದ. ಮಾವು ಹೂ ಬಿಟ್ಟದ್ದು ಹೇಳಿದ. ನೂರ್ ಫೋನು ಮಾಡಿದ್ದು, ತಾನು ಸ್ಲೇಟು ಹೊತ್ತು ಬಸ್ಸಿನಲ್ಲಿ ಕೂತದ್ದು, ಪಕ್ಕದವನು ನೋಡಿದ್ದು, ಎಲ್ಲ ಹೇಳಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಷ್ಟರಲ್ಲಿ ಚಿತ್ರ ಅಲುಗಾಡಿತು. ಪುಷ್ಪಾವತಿಯ ಕೈ ಸೋತಿತ್ತು.

ಹಾಲೇಶ ನೇರ ಗುರುವಿನ ಹತ್ತಿರ ಬಂದ.

“ಅಯ್ಯನವರೇ, ಯಂತ್ರ ಯಾಕೆ ಬೇಕು ಅಂತ ಇವತ್ತು ಗೊತ್ತಾಯಿತು.” ನಡೆದದ್ದನ್ನೆಲ್ಲ ಹೇಳಿದ. “ತಾನೇ ನಿಲ್ಲುವಂಥದ್ದು ಬೇಕು. ತೆರೆ ದೊಡ್ಡದಿರಬೇಕು. ಅಕ್ಕ ನನಗೆ ಚೆನ್ನಾಗಿ ಕಾಣಬೇಕು.”

“ಅಕ್ಕ ನಿನಗೆ ಕಾಣ್ತಾಳೆ. ಸರಿ,” ಎಂದರು ಅಯ್ಯನವರು. “ಅವಳಿಗೆ ಏನು ಕಾಣುತ್ತೆ?”

ಹಾಲೇಶ ಅದನ್ನು ಎಂದೂ ಕೇಳಿರಲಿಲ್ಲ.

ಮುಂದಿನ ಸಂಜೆ ಕೇಳಿದ. ‘ನನ್ನ ಕೈ ನಿನಗೆ ಹೇಗೆ ಕಾಣುತ್ತೆ?’

ಅಕ್ಕ ಹೇಳಲೋ ಬೇಡವೋ ಎನ್ನುವಂತೆ ಸೊಸೆಯ ಕಡೆ ನೋಡಿದಳು. ಆಮೇಲೆ ಬೆರಳ ತುದಿಯನ್ನು ತೋಳಿನ ಮೇಲೆ ಸಣ್ಣದಾಗಿ ಹರಿದಾಡಿಸಿದಳು. ಇರುವೆ.

‘ಇರುವೆ ಓಡಾಡಿದ ಹಾಗೆ ಕಾಣುತ್ತೆ. ಕಣ್ಣು ಮೊದಲಿನಂತಿಲ್ಲ. ಭಟ್ಟಿಯ ಹೊಗೆ ಕುಡಿದ ಕಣ್ಣು. ಅರ್ಧ ನೋಡ್ತೀನಿ, ಅರ್ಧ ಊಹೆ ಮಾಡ್ಕೋತೀನಿ.’

‘ಯಾವಾಗಿನಿಂದ?’

‘ಬಳ್ಳಾರಿಗೆ ಬಂದಾಗಿನಿಂದ.’

‘ಮತ್ತೆ ಯಾಕೆ ಹೇಳಲಿಲ್ಲ?’

‘ಕಾಣಲ್ಲ ಅಂತ ಗೊತ್ತಾದರೆ ನೀನು ಮಾತಾಡೋದನ್ನೇ ಬಿಟ್ಟುಬಿಟ್ಟರೆ?’

ಹಾಲೇಶ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ.

ಮರುದಿನ ನೂರ್‌ಗೆ ಫೋನು ಮಾಡಿದ.

“ನೂರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀವು ನನಗೆ ಕೊಡೋದನ್ನ ನಾನು ಬೇರೆಯವರಿಗೆ ಕೊಟ್ಟರೆ ಆಗುತ್ತಾ?”

“ಯಾರಿಗೆ ಮೇಷ್ಟ್ರೇ?”

ಹಾಲೇಶ ಅಕ್ಕನ ವಿಷಯ ಹೇಳಿದ.

“ಮೇಷ್ಟ್ರೇ, ನಿಮ್ಮನ್ನ ಓದಿಸಿದ್ದು ಅವರು. ನಮ್ಮನ್ನ ಓದಿಸಿದ್ದು ನೀವು. ಇದನ್ನ ಮೊದಲೇ ಹೇಳಿದ್ದರೆ ನಾವು ಮೊದಲೇ ಅವರ ಮನೆಗೆ ಹೋಗ್ತಿದ್ದೆವಲ್ಲ.”

ಹಾಲೇಶ ಮತ್ತೆ ದಾವಣಗೆರೆಗೆ ಹೋದ. ನೂರ್ ಅಂಗಡಿಗೇ ಬಂದಿದ್ದ. ಈ ಸಲ ಹಾಲೇಶ ಮೆಮೊರಿ ಎಷ್ಟು ಎಂದು ಕೇಳಲಿಲ್ಲ.

“ಅಕ್ಕನಿಗೆ ಓದು ಬರಹ ಬರಲ್ಲ. ಲ್ಯಾಪ್‌ಟಾಪಿನ ಅಕ್ಷರದ ಕೀಲಿಗಳೆಲ್ಲ ಅವಳಿಗೆ ಅಡ್ಡಿ,” ಎಂದ ಅಂಗಡಿಯವನಿಗೆ. “ನನ್ನ ಫೋಟೋ ಮುಟ್ಟಿದರೆ ಸಾಕು, ಕರೆ ಹೋಗಬೇಕು. ಕರೆ ಬಂದದ್ದು ಅವಳಿಗೆ ಕೇಳಲ್ಲ, ಬೆಳಕು ಮಿನುಗಬೇಕು. ಅಡಿಗೆಮನೆ, ಜಗಲಿ, ಎಲ್ಲಿ ಕೂತರೂ ಒಂದು ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರ ಇರಬೇಕು. ಇಟ್ಟಲ್ಲಿ ತಾನೇ ನಿಲ್ಲಬೇಕು.”

“ಹಾಗಾದರೆ ಟ್ಯಾಬ್ ತಗೊಳ್ಳಿ ಸಾರ್. ಅದಕ್ಕೆ ಹಿಂದೆ ಮಡಿಚಿ ನಿಲ್ಲಿಸುವ ಕವರ್ ಹಾಕಿಸೋಣ,” ಎಂದ ಅಂಗಡಿಯವನು.

ಹಾಲೇಶ ನೂರ್‌ನನ್ನು ಬೀದಿಯಾಚೆ ನಿಲ್ಲಿಸಿ, ಅವನ ಫೋನಿನಿಂದ ಕರೆ ಮಾಡಿಸಿ, ಕೈ ಬೀಸಲು ಹೇಳಿದ. ಒಂದು ಟ್ಯಾಬಿನಲ್ಲಿ ಬೆರಳುಗಳು ಕಲಸಿಹೋದವು. ಇನ್ನೊಂದರಲ್ಲಿ ಐದೂ ಬೆರಳು ಬಿಡಿಬಿಡಿಯಾಗಿ ಕಂಡವು. ಅದನ್ನೇ ಆರಿಸಿದ. ತಿಂಗಳುಗಟ್ಟಲೆ ತಲೆ ತಿಂದಿದ್ದ ಆಯ್ಕೆ ಚಹಾ ಆರುವಷ್ಟರಲ್ಲಿ ಮುಗಿಯಿತು.

ಇಬ್ಬರೂ ಬಳ್ಳಾರಿಗೆ ಹೋದರು. ನೂರ್ ತನ್ನ ಬೇಕರಿಯ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಬಂದಿದ್ದ. ಅಕ್ಕನಿಗೆ ಟ್ಯಾಬ್ ಏನೆಂದು ತಿಳಿಯಲಿಲ್ಲ. ಹಾಲೇಶ ಅದನ್ನು ಅವಳ ಮುಂದೆ ನಿಲ್ಲಿಸಿ, ಬೀದಿಗೆ ಹೋಗಿ ತನ್ನ ಫೋನನ್ನು ಕಟ್ಟೆಗೆ ಒರಗಿಸಿ ಕರೆ ಮಾಡಿದ. ತೆರೆ ಮಿನುಗಿತು. ಪುಷ್ಪಾವತಿ ತೋರಿಸಿದಂತೆ ಅಕ್ಕ ಬೆರಳಿಂದ ಒತ್ತಿದಳು.

ಹಾಲೇಶ ಕಿವಿ ಹಿಡಿದು ತೋರಿಸಿದ. ನಾನು.

ಅಕ್ಕ ಮುಂದೆ ಬಾಗಿದಳು. ತೆರೆಯ ಮೇಲಿನ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ತನ್ನ ಎರಡೂ ಕೈ ಎತ್ತಿ ಮಾತು ಶುರು ಮಾಡಿದಳು. ಫೋನು ಹಿಡಿದು ನಿಲ್ಲುವ ಕೆಲಸವಿಲ್ಲದ ಪುಷ್ಪಾವತಿ ಅತ್ತೆಯ ಪಕ್ಕದಲ್ಲಿ ಕೂತು, ಮೊದಲ ಸಲ ಅವರ ಮಾತನ್ನು ಗಮನವಿಟ್ಟು ನೋಡಿದಳು.

ಹಾಲೇಶ ಆಶ್ರಮಕ್ಕೆ ಮರಳಿ ಬಂದ. ಮಕ್ಕಳ ಪಾಠ ಮೊದಲಿನಂತೆ ನಡೆಯಿತು. ಸಂಜೆ ಹೊತ್ತು ಅಕ್ಕ ಯಾರ ಹಂಗೂ ಇಲ್ಲದೆ ತಾನೇ ಕರೆ ಮಾಡುತ್ತಿದ್ದಳು. ಕೆಲವು ದಿನ ಹೇಳಲು ಏನೂ ಇರುತ್ತಿರಲಿಲ್ಲ. ಅವಳು ಅಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು, ಇವನು ಇಲ್ಲಿ ಮಕ್ಕಳ ಬರಹ ತಿದ್ದುತ್ತಿದ್ದ. ಆಗೊಮ್ಮೆ ಈಗೊಮ್ಮೆ ತಲೆ ಎತ್ತಿ ನೋಡಿಕೊಳ್ಳುತ್ತಿದ್ದರು.

ಒಂದು ಸಂಜೆ ಇಬ್ಬರೂ ಮಾತಾಡುತ್ತಿರುವಾಗ ಅಯ್ಯನವರು ಬಂದು ಹಾಲೇಶನ ಪಕ್ಕದಲ್ಲಿ ಕೂತರು. ಅಕ್ಕ ಅವರನ್ನು ನೋಡಿ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದಳು. ಅಯ್ಯನವರೂ ಮುಗಿದರು.

“ನಿಮ್ಮ ಭಾಷೆಯಲ್ಲಿ ನನಗೂ ಒಂದು ಮಾತು ಕಲಿಸು,” ಎಂದರು ಹಾಲೇಶನಿಗೆ.

“ಯಾವ ಮಾತು ಅಯ್ಯನವರೇ?”

“ನಿನ್ನನ್ನ ಸಾಕಿ ಓದಿಸಿ ನಮಗೆ ಕೊಟ್ಟಳಲ್ಲ, ಅವಳಿಗೆ ‘ನಿನ್ನಿಂದ ಉಪಕಾರವಾಯಿತು ತಾಯಿ’ ಅಂತ ನಾನು ಹೇಳಬೇಕು. ಹೇಗೆ ಹೇಳೋದು?”

ಹಾಲೇಶ ಕೈಯೆತ್ತಿದ. ಕೈ ಅಲ್ಲೇ ನಿಂತಿತು. ಮಂಡಕ್ಕಿಗೆ ಸನ್ನೆಯಿತ್ತು. ಮಳೆಗೆ, ಜ್ವರಕ್ಕೆ, ಮುನಿಸಿಗೆ ಇತ್ತು. ಇದಕ್ಕೆ ಇರಲಿಲ್ಲ. ಐವತ್ತರ ಹತ್ತಿರ ಬಂದರೂ ಅಕ್ಕನಿಗೆ ಆ ಮಾತನ್ನು ತಾನು ಒಮ್ಮೆಯೂ ಹೇಳಿಲ್ಲ ಎಂದು ಅವನಿಗೆ ಆಗ ತಿಳಿಯಿತು. ತೆರೆಯ ಮೇಲೆ ಅಕ್ಕ ಇವರಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದಳು.

“ಅಯ್ಯನವರೇ, ಆ ಮಾತು ನಮ್ಮಲ್ಲಿಲ್ಲ,” ಎಂದ ಹಾಲೇಶ. “ನಾವು ಅದನ್ನ ಮಾಡಿಕೊಳ್ಳಲೇ ಇಲ್ಲ.”

ಅಯ್ಯನವರು ಕಾಲು ಮಡಿಚಿ ಸರಿಯಾಗಿ ಕೂತುಕೊಂಡರು.

“ಅವಸರವಿಲ್ಲ. ಇಬ್ಬರೂ ಕೂತು ಈಗ ಮಾಡಿಕೊಳ್ಳಿ, ನಾನು ಕಾಯ್ತೀನಿ.”